ಆರ್‌ಎಫ್‌ಐಡಿ: ತಡಮೆ ದಾಟಿದವರ ಲೆಕ್ಕ

ತಲಪಾಡಿ ಟೋಲ್‌ನಲ್ಲಿ ಕಾರು ನಿಧಾನ ಮಾಡಿದ ಕೂಡಲೇ ಅಡ್ಡಕೋಲು ಮೇಲೇಳುತ್ತದೆ ಅಲ್ವಾ? ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್‌ನ ಕೆಲಸ ಅದು. ಅದರೊಳಗಿರುವುದೇ ಆರ್‌ಎಫ್‌ಐಡಿ, ಅಂದರೆ ರೇಡಿಯೊ ಫ್ರೀಕ್ವೆನ್ಸಿ ಐಡೆಂಟಿಫಿಕೇಶನ್. ರೇಡಿಯೊ ಅಲೆಯಿಂದ ಗುರುತು ಹಿಡಿಯುವುದು ಎಂದು ಅರ್ಥ. ಹೆಸರಿನಲ್ಲಿ ಗುರುತಿನ ಮಾತಿದೆ, ಬೆನ್ನು ಹತ್ತುವ ಮಾತಿಲ್ಲ. ಇದೇ ಟ್ಯಾಗನ್ನು ಜನರ ಕೊರಳಿಗೆ ಹಾಕಿ ‘ಟ್ರ್ಯಾಕಿಂಗ್’ ಎಂದಾಗ ಗೊಂದಲ ಶುರುವಾಗುತ್ತದೆ.

ನಮ್ಮ ಕಡೆಯ ಅಡಿಕೆ ತೋಟದ ತಡಮೆಯ, ಅಂದರೆ ಬೇಲಿ ದಾಟುವ ದಾರಿಯ, ಹತ್ತಿರ ಒಬ್ಬ ಅಜ್ಜ ಕೂತಿದ್ದಾರೆ ಅಂದುಕೊಳ್ಳಿ. ಯಾರು ಎಷ್ಟು ಹೊತ್ತಿಗೆ ಒಳಗೆ ಹೋದರು ಎಂದು ಅವರು ಸರಿಯಾಗಿ ಹೇಳುತ್ತಾರೆ. ಹೋದವನು ಅಡಿಕೆ ಹೆಕ್ಕುತ್ತಿದ್ದಾನೋ, ಮರದ ಬುಡದಲ್ಲಿ ನಿದ್ದೆ ಹೊಡೆಯುತ್ತಿದ್ದಾನೋ ಅವರಿಗೆ ಗೊತ್ತಿಲ್ಲ. ಟ್ಯಾಗನ್ನು ಓದುವ ಯಂತ್ರ, ಅಂದರೆ ಆರ್‌ಎಫ್‌ಐಡಿ ರೀಡರ್, ಈ ಅಜ್ಜನ ಹಾಗೆಯೇ.

ಟ್ಯಾಗ್‌ನಲ್ಲಿ ಒಂದು ಪುಟ್ಟ ಚಿಪ್, ಒಂದು ತೆಳು ಆಂಟೆನಾ. ಸಾಮಾನ್ಯ ಟ್ಯಾಗ್‌ಗೆ ಬ್ಯಾಟರಿ ಇಲ್ಲ. ರೀಡರ್ ಬಿಟ್ಟ ಅಲೆಯಿಂದಲೇ ಚೂರು ಶಕ್ತಿ ಪಡೆದು ತನ್ನ ನಂಬರ್ ಹೇಳುತ್ತದೆ. 13.56 ಮೆಗಾಹರ್ಟ್ಸ್‌ನ ಕಾರ್ಡನ್ನು ರೀಡರ್‌ಗೆ ತಾಗಿಸುವಷ್ಟು ಹತ್ತಿರ ಹಿಡಿಯಬೇಕು. 865 ಮೆಗಾಹರ್ಟ್ಸ್ ಆಸುಪಾಸಿನದ್ದು ಕೆಲವು ಮೀಟರ್ ದೂರಕ್ಕೂ ಸಿಗುತ್ತದೆ, ಫಾಸ್ಟ್ಯಾಗ್ ಈ ಜಾತಿಯದ್ದು. ಬ್ಯಾಟರಿ ಇರುವ ಟ್ಯಾಗ್‌ಗಳೂ ಇವೆ, ಅವು ಇನ್ನೂ ಜಾಸ್ತಿ ದೂರಕ್ಕೆ ಕೂಗಬಲ್ಲವು.

ಕಾರಿನ ಗಾಜಿಗೂ ಮನುಷ್ಯನ ಮೈಗೂ ವ್ಯತ್ಯಾಸವಿದೆ. ಮೈಯಲ್ಲಿ ನೀರಿನ ಅಂಶವೇ ಹೆಚ್ಚು, ನೀರು ಫಾಸ್ಟ್ಯಾಗ್ ಜಾತಿಯ ಅಲೆಗಳನ್ನು ನುಂಗುತ್ತದೆ. ಎದೆಗೆ ಒತ್ತಿಕೊಂಡ ಟ್ಯಾಗ್ ಬೆನ್ನ ಹಿಂದಿರುವ ರೀಡರ್‌ಗೆ ಕಾಣದೇ ಹೋಗಬಹುದು. ನಮ್ಮ ಜೂನ್ ಮಳೆಯಲ್ಲಿ ಒದ್ದೆ ಅಂಗಿಗೆ ಅಂಟಿಕೊಂಡರಂತೂ ಕಷ್ಟವೇ.

ಹಾಗಂತ ಸುಮ್ನೆ ತಳ್ಳಿಹಾಕುವ ವಸ್ತುವಲ್ಲ. ಅಮರನಾಥ ಯಾತ್ರಿಗಳಿಗೆ 2022ರಿಂದ ಆರ್‌ಎಫ್‌ಐಡಿ ಕಾರ್ಡ್ ಕೊಡುತ್ತಿದ್ದಾರೆ. ಮ್ಯಾರಥಾನ್ ಓಟಗಾರರ ಎದೆಯ ನಂಬರ್ ಚೀಟಿಯ ಹಿಂದೆಯೂ ಇಂಥದ್ದೇ ಟ್ಯಾಗ್ ಇರುತ್ತದೆ, ನೆಲದ ಮ್ಯಾಟ್ ದಾಟಿದಾಗ ಸಮಯ ದಾಖಲಾಗುತ್ತದೆ. ಅಮೆರಿಕದ ಸ್ಯಾಗೊ ಕಲ್ಲಿದ್ದಲು ಗಣಿಯಲ್ಲಿ 2006ರ ಜನವರಿಯಲ್ಲಿ ಸ್ಫೋಟವಾಗಿ 12 ಜನ ಸತ್ತರು. ಅದೇ ವರ್ಷ ಅಲ್ಲಿ ಹೊಸ ಕಾನೂನು ಬಂತು. ಅವಘಡವಾದ ಮೇಲೂ ಒಳಗಿನವರು ಎಲ್ಲಿದ್ದಾರೆಂದು ಮೇಲಿನವರಿಗೆ ತಿಳಿಯಬೇಕು ಎಂದಿತು. ನೆಲದಡಿಯಲ್ಲಿ ಜಿಪಿಎಸ್ ಸಿಗುವುದಿಲ್ಲ. ಆದ್ದರಿಂದ ಸುರಂಗದ ಉದ್ದಕ್ಕೂ ರೀಡರ್‌ಗಳನ್ನು ಕೂರಿಸುವ ವಿಧಾನ ಉಪಯೋಗಕ್ಕೆ ಬಂತು. ಒಬ್ಬ ಅಜ್ಜನ ಬದಲು ಹೆಜ್ಜೆಹೆಜ್ಜೆಗೂ ಒಬ್ಬೊಬ್ಬ ಅಜ್ಜ ಅನ್ನಿ.

ರಾಣಿಪುರಂ ಗುಡ್ಡ ಹತ್ತಲು 40 ಜನ ಹೋದರು, ಬುಡದಲ್ಲಿ ಒಂದೇ ರೀಡರ್ ಇದೆ ಎಂದಿಟ್ಟುಕೊಳ್ಳಿ. ಸಂಜೆ 39 ಜನ ಇಳಿದರೆ, ಇಳಿಯದವರ ಹೆಸರು ತಕ್ಷಣ ಸಿಗುತ್ತದೆ. ಹುಡುಕುವವರಿಗೆ ಅದೂ ದೊಡ್ಡ ಸಹಾಯವೇ. ಆದರೆ ಕಾಡಿನ ಯಾವ ಮೂಲೆ ಎಂದು ಅದನ್ನು ಕೇಳಿ ಪ್ರಯೋಜನವಿಲ್ಲ.

ಇನ್ನೊಂದು ತಮಾಷೆ ಇದೆ. ರೀಡರ್ ಗುರುತಿಸುವುದು ಟ್ಯಾಗನ್ನು, ಮನುಷ್ಯನನ್ನಲ್ಲ. ಒಬ್ಬನೇ ನಾಲ್ವರ ಕಾರ್ಡ್ ಜೇಬಿಗೆ ಹಾಕಿಕೊಂಡು ದಾಟಿದರೆ ಅದರ ಲೆಕ್ಕದಲ್ಲಿ ನಾಲ್ವರೂ ಕೆಲಸಕ್ಕೆ ಹಾಜರ್. ತಡಮೆಯ ಅಜ್ಜನ ಹತ್ತಿರ ಆ ಆಟ ನಡೆಯುವುದಿಲ್ಲ.