ಓದುಗರ ಪ್ರಶ್ನೆ: ಕಿಸ್‌ಪೆಪ್ಟಿನ್ ಇಂಜೆಕ್ಷನ್ ತೆಗೆದುಕೊಂಡರೆ ಗರ್ಭ ನಿಲ್ಲುತ್ತದೆಯೇ?

ಮೂಡಿಗೆರೆ ಕಡೆಯ ಓದುಗರೊಬ್ಬರು ಕೇಳಿದ್ದಾರೆ: “ನನಗೆ ಪಿಸಿಓಎಸ್ (ಹಾರ್ಮೋನುಗಳ ಏರುಪೇರಿನಿಂದ ಅಂಡಾಣು ಬಿಡುಗಡೆ ಸರಿಯಾಗಿ ಆಗದ ತೊಂದರೆ) ಇದೆ. ಹಾಸನದಲ್ಲಿ ಐವಿಎಫ್ (ದೇಹದ ಹೊರಗೆ ಭ್ರೂಣ ರೂಪಿಸುವ) ಚಿಕಿತ್ಸೆಗೆ ಸಿದ್ಧತೆ ನಡೆದಿದೆ. ಕಿಸ್‌ಪೆಪ್ಟಿನ್ ಎಂಬ ಹೊಸ ಇಂಜೆಕ್ಷನ್ನಿನಿಂದ ಬೇಗ ಗರ್ಭ ನಿಲ್ಲುತ್ತದೆ ಎನ್ನುತ್ತಾರೆ, ನಿಜವೇ?”

ಹಾಗೆ ಹೇಳಲು ಆಧಾರವಿಲ್ಲ. ಕಿಸ್‌ಪೆಪ್ಟಿನ್ ನಮ್ಮೆಲ್ಲರ ಮೆದುಳಿನ ಹೈಪೋಥಲಾಮಸ್‌ನಲ್ಲಿ ತಯಾರಾಗುವ ಹಾರ್ಮೋನು. ಅದು ಜಿಎನ್‌ಆರ್‌ಎಚ್ ಎಂಬ ಇನ್ನೊಂದು ಹಾರ್ಮೋನನ್ನು ಹೊರಡಿಸುತ್ತದೆ. ಅದರಿಂದ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಅಂಡಾಶಯಗಳನ್ನು ಪ್ರಚೋದಿಸುವ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಇದರ ಜೀನನ್ನು 1996ರಲ್ಲಿ ಅಮೆರಿಕದ ಹರ್ಷಿ ಪಟ್ಟಣದಲ್ಲಿ ಕ್ಯಾನ್ಸರ್ ಸಂಶೋಧಕರು ಗುರುತಿಸಿದರು, ಹೆಸರು ಅಲ್ಲಿನ ‘ಕಿಸ್’ ಚಾಕೊಲೇಟಿನಿಂದ ಬಂತು. ಇದರ ಗ್ರಾಹಕದಲ್ಲಿ (ಜೀವಕೋಶದಲ್ಲಿ ಇದರ ಸಂದೇಶ ಪಡೆಯುವ ಭಾಗದಲ್ಲಿ) ದೋಷವಿದ್ದವರು ಪ್ರೌಢಾವಸ್ಥೆಗೇ ಬರುವುದಿಲ್ಲ ಎಂಬುದು 2003ರಲ್ಲಿ ತಿಳಿದ ಮೇಲೆ ಸಂತಾನೋತ್ಪತ್ತಿಯಲ್ಲಿ ಇದರ ಪಾತ್ರ ಸ್ಪಷ್ಟವಾಯಿತು.

ಕಾಫಿ ಗಿಡದ ಮೊಗ್ಗುಗಳು ಹೂಮಳೆ ಬೀಳುವವರೆಗೂ ಕಾದಿರುವುದನ್ನು ನೀವು ಕಂಡಿದ್ದೀರಿ. ಅಂಡಾಣುಗಳೂ ಹಾಗೆಯೇ, ಎಲ್‌ಎಚ್ ಒಮ್ಮೆಗೇ ಏರಿದಾಗ ಮಾತ್ರ ಪಕ್ವವಾಗುತ್ತವೆ. ಐವಿಎಫ್‌ನಲ್ಲಿ ಆ ಕೆಲಸವನ್ನು ‘ಟ್ರಿಗರ್’ ಇಂಜೆಕ್ಷನ್ ಮಾಡುತ್ತದೆ. ಎಚ್‌ಸಿಜಿ ಎಂಬ ಹಾರ್ಮೋನಿನ ವಾಡಿಕೆಯ ಟ್ರಿಗರ್ ದಿನಗಟ್ಟಲೆ ದೇಹದಲ್ಲಿ ಉಳಿಯುವುದರಿಂದ, ಪಿಸಿಓಎಸ್‌ನಿಂದಾಗಿ ಬಹಳ ಕೋಶಕಗಳು (ಅಂಡಾಣು ಬೆಳೆಯುವ ಪುಟ್ಟ ಚೀಲಗಳು) ಬೆಳೆದವರಲ್ಲಿ ಅಂಡಾಶಯಗಳು ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬುವ ಓಎಚ್‌ಎಸ್‌ಎಸ್ ಎಂಬ ತೊಂದರೆ ಬರಬಹುದು. ಅದು ತೀವ್ರವಾದರೆ ಪ್ರಾಣಕ್ಕೇ ಅಪಾಯ. ಕಿಸ್‌ಪೆಪ್ಟಿನ್ ದೇಹದ ಸ್ವಂತ ಎಲ್‌ಎಚ್ಚನ್ನೇ ಅಲ್ಪಕಾಲ ಏರಿಸುತ್ತದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡವು ಓಎಚ್‌ಎಸ್‌ಎಸ್ ಅಪಾಯ ಹೆಚ್ಚಿದ್ದ 60 ಮಹಿಳೆಯರಿಗೆ ಇದನ್ನು ಟ್ರಿಗರ್ ಆಗಿ ಕೊಟ್ಟು 2015ರಲ್ಲಿ ವರದಿ ಮಾಡಿತು: ಶೇ. 95ರಷ್ಟು ಮಂದಿಯಲ್ಲಿ ಅಂಡಾಣುಗಳು ಪಕ್ವವಾದವು, ಮಧ್ಯಮ ಅಥವಾ ತೀವ್ರ ಓಎಚ್‌ಎಸ್‌ಎಸ್ ಯಾರಿಗೂ ಬರಲಿಲ್ಲ. ನನ್ನ ದೃಷ್ಟಿಯಲ್ಲಿ ಇದರ ನಿಜವಾದ ಬೆಲೆ ಇರುವುದು ಈ ಸುರಕ್ಷತೆಯಲ್ಲಿ. ಆದರೂ ಇದಿನ್ನೂ ಸಂಶೋಧನೆಯ ಹಂತದ ಔಷಧ. ಯಾರಾದರೂ ಮಾಮೂಲಿ ಚಿಕಿತ್ಸೆಯೆಂದು ಹಣ ಕೇಳಿದರೆ ಒಪ್ಪಬೇಡಿ.

ಈಗ ನಿಮಗೆ ಬೇಕಾದ ಉಪಾಯ ಬೇರೆಯೇ ಇದೆ. ಜಿಎನ್‌ಆರ್‌ಎಚ್ ಅಗೋನಿಸ್ಟ್ (ಜಿಎನ್‌ಆರ್‌ಎಚ್‌ನಂತೆಯೇ ಕೆಲಸ ಮಾಡುವ ಔಷಧ) ಟ್ರಿಗರ್ ಕೊಟ್ಟು, ಭ್ರೂಣಗಳನ್ನು ಫ್ರೀಜ್ ಮಾಡಿ, ಮುಂದಿನ ತಿಂಗಳುಗಳಲ್ಲಿ ಗರ್ಭಕ್ಕೆ ಸೇರಿಸುವ ಕ್ರಮದಿಂದಲೂ ಓಎಚ್‌ಎಸ್‌ಎಸ್ ಅಪಾಯ ಬಹಳ ತಗ್ಗುತ್ತದೆ. ಇಂಜೆಕ್ಷನ್‌ಗಳು ಆರಂಭವಾಗುವ ಮೊದಲೇ ಇದರ ಬಗ್ಗೆ ವೈದ್ಯರನ್ನು ಕೇಳಿ, ಏಕೆಂದರೆ ಎಲ್ಲ ಬಗೆಯ ಐವಿಎಫ್ ಕ್ರಮಕ್ಕೂ ಈ ಟ್ರಿಗರ್ ಹೊಂದುವುದಿಲ್ಲ. ಮಳೆಗಾಲದಲ್ಲಿ ಹಾಸನ ತಲುಪುವುದು ತಡವಾಗಬಹುದಾದ್ದರಿಂದ ಹತ್ತಿರದ ದೊಡ್ಡ ಆಸ್ಪತ್ರೆ ಯಾವುದೆಂದೂ ತಿಳಿದುಕೊಂಡಿರಿ. ಟ್ರಿಗರ್ ಆದ ಮೇಲೆ ಹೊಟ್ಟೆ ಉಬ್ಬಿ ಬಿಗಿದರೆ, ವಾಂತಿ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ ಅಥವಾ ಉಸಿರು ಕಟ್ಟಿದಂತಾದರೆ, ರಾತ್ರಿಯಾಗಿದ್ದರೂ ಬೆಳಗಾಗಲೆಂದು ಕಾಯದೆ ಅಲ್ಲಿಗೆ ಹೊರಡಿ.