ಮೇಕೆ ಮೇಯುವ ಬಂಡೆಗೆ ಯುದ್ಧನೌಕೆ ಬಂದದ್ದು ಯಾಕೆ?

1995ರ ಡಿಸೆಂಬರ್ 25ರಂದು ಫಿಗೆನ್ ಅಕಾತ್ ಎಂಬ ಟರ್ಕಿಯ ಸರಕು ಹಡಗು ಏಜಿಯನ್ ಸಮುದ್ರದ ಒಂದು ಬಂಡೆಗೆ ಹೋಗಿ ಸಿಕ್ಕಿಕೊಂಡಿತು. ಎಳೆದು ಬಿಡಿಸಲು ಗ್ರೀಸಿನವರು ಮುಂದೆ ಬಂದರು. ಕ್ಯಾಪ್ಟನ್ ಬೇಡ ಅಂದ. ನಾನು ಇರುವುದು ಟರ್ಕಿಯ ನೀರಿನಲ್ಲಿ, ಟರ್ಕಿಯ ಟಗ್ಗೇ ಬರಲಿ ಎಂಬುದು ಅವನ ಹಟ. ಜಾಗ ನೋಡಿದರೆ ಎರಡು ಕಲ್ಲುಗುಡ್ಡೆ, ಎರಡೂ ಸೇರಿ ಸುಮಾರು 10 ಎಕರೆ. ಜನ ಇಲ್ಲ, ಮೇಕೆಗಳಿದ್ದವು. ಗ್ರೀಕರು ಅದನ್ನು ಇಮಿಯಾ ಅಂತಾರೆ, ಟರ್ಕಿಯವರು ಕಾರ್ದಾಕ್ ಅಂತಾರೆ. ಟರ್ಕಿಯ ದಡಕ್ಕೆ ಅಲ್ಲಿಂದ ಸುಮಾರು 7 ಕಿ.ಮೀ., ಗ್ರೀಸಿನ ಕಲಿಮ್ನೋಸ್ ದ್ವೀಪಕ್ಕೆ ಸುಮಾರು 10.

ಹಡಗಿನ ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಜನವರಿ ಕೊನೆಗೆ ಕಲಿಮ್ನೋಸ್‌ನ ಮೇಯರ್ ಬಂದು ಬಂಡೆಯ ಮೇಲೆ ಗ್ರೀಕ್ ಬಾವುಟ ನೆಟ್ಟರು. ಒಂದೆರಡು ದಿನದಲ್ಲೇ ಟರ್ಕಿಯ ಪತ್ರಕರ್ತರು ಹೆಲಿಕಾಪ್ಟರಿನಲ್ಲಿ ಬಂದಿಳಿದು ಅದನ್ನು ಕಿತ್ತು ತಮ್ಮ ಬಾವುಟ ಹಾರಿಸಿದರು. (ಹೌದು, ಪತ್ರಕರ್ತರೇ.) ಅದರ ಹಿಂದೆಯೇ ಎರಡೂ ಕಡೆಯ ಯುದ್ಧನೌಕೆಗಳು ಬಂದವು, ಕಮಾಂಡೊಗಳು ಬಂದರು, ಜನವರಿ 31ರ ಬೆಳಗಿನ ಜಾವ ಗ್ರೀಸಿನ ಹೆಲಿಕಾಪ್ಟರ್ ಒಂದು ಸಮುದ್ರಕ್ಕೆ ಬಿದ್ದು ಮೂವರು ಅಧಿಕಾರಿಗಳು ಸತ್ತರು, ಕೊನೆಗೆ ಅಮೆರಿಕ ನಡುವೆ ಬಂದು ಇಬ್ಬರನ್ನೂ ಹಿಂದಕ್ಕೆ ಕಳಿಸಬೇಕಾಯಿತು. ಎರಡೂ ದೇಶ ನ್ಯಾಟೋ ಎಂಬ ಒಂದೇ ಸೇನಾ ಕೂಟದ ಸದಸ್ಯರು ಬೇರೆ!

ಹತ್ತು ಎಕರೆ ಕಲ್ಲಿಗೆ ಇಷ್ಟೊಂದಾ? ಇದು ಸುಮ್ನೆ ಪ್ರತಿಷ್ಠೆಯ ಜಗಳ ಅನ್ನಿಸುತ್ತದೆ, ಅಲ್ವಾ? ಪ್ರತಿಷ್ಠೆಯೂ ಇದೆ, ಬಿಡಿ. ಆದರೆ ಅದರ ಜೊತೆ ಒಂದು ಲೆಕ್ಕವೂ ಇದೆ.

ನೆಲದ ಮೇಲಾದರೆ ಗಡಿಗೆ ಕಲ್ಲು ನೆಡಬಹುದು, ಬೇಲಿ ಹಾಕಬಹುದು. ಕಡಲಿನಲ್ಲಿ ಗೂಟ ಹೊಡೆಯುವುದು ಎಲ್ಲಿ? ಹಾಗಾಗಿ ಸಮುದ್ರದ ಪ್ರತಿ ಗೆರೆಯನ್ನೂ ದಡದಿಂದ ಅಳೆದೇ ಎಳೆಯಬೇಕು. ಮೊದಮೊದಲು ಅಳತೆಗೋಲಾಗಿದ್ದದ್ದು ಫಿರಂಗಿ. 18ನೇ ಶತಮಾನದ ಶುರುವಿನಲ್ಲಿ ಡಚ್ ಕಾನೂನು ಪಂಡಿತ ಬಿಂಕರ್ಸ್‌ಹೂಕ್, ದಡದಲ್ಲಿ ನಿಂತು ಹಾರಿಸಿದ ಗುಂಡು ಎಲ್ಲಿಯ ತನಕ ಹೋಗುತ್ತದೋ ಅಲ್ಲಿಯ ತನಕ ನೀರು ನಿಮ್ಮದು ಎಂದು ವಾದಿಸಿದ. ಅದೇ ಮುಂದೆ 3 ನಾಟಿಕಲ್ ಮೈಲಿ ಅಂತ ರೂಢಿಯಾಯಿತು. ಒಂದು ನಾಟಿಕಲ್ ಮೈಲಿ ಅಂದರೆ 1,852 ಮೀಟರ್. ಈ ಸಂಖ್ಯೆ ಎಲ್ಲಿಂದ ಬಂತು ಅಂದರೆ, ಅಕ್ಷಾಂಶದ ಒಂದು ಡಿಗ್ರಿಯನ್ನು 60 ಪಾಲು ಮಾಡಿದರೆ ಭೂಮಿಯ ಮೇಲೆ ಒಂದು ಪಾಲು ಹೆಚ್ಚುಕಮ್ಮಿ ಅಷ್ಟು ಉದ್ದ ಬರುತ್ತದೆ.

1982ರಲ್ಲಿ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಆಯಿತು, 1994ರಲ್ಲಿ ಜಾರಿಗೆ ಬಂತು. ಅದರ ಪ್ರಕಾರ ದಡದಿಂದ 12 ನಾಟಿಕಲ್ ಮೈಲಿ ತನಕ ಒಂದು ದೇಶದ ಸ್ವಂತ ನೀರು. 200 ಮೈಲಿ ತನಕ, ಅಂದರೆ ಸುಮಾರು 370 ಕಿ.ಮೀ. ತನಕ, ಮೀನು, ಎಣ್ಣೆ, ಅನಿಲ ಎಲ್ಲದರ ಮೇಲೆ ಹಕ್ಕು. ಹಡಗು ಯಾರದ್ದಾದರೂ ಹಾಯ್ದು ಹೋಗಬಹುದು, ದೋಚುವ ಹಾಗಿಲ್ಲ. ಈಗ ಲೆಕ್ಕಕ್ಕೆ ಬನ್ನಿ. ನಡುಗಡಲಿನಲ್ಲಿ ಒಂದೇ ಒಂದು ಕಲ್ಲು ಇದೆ, ಅದರ ಸುತ್ತ 12 ಮೈಲಿಯ ವೃತ್ತ ಎಳೆದರೆ ಸುಮಾರು 1,550 ಚದರ ಕಿ.ಮೀ. ನೀರು ಸಿಗುತ್ತದೆ. ಅದೇ ಕಲ್ಲಿಗೆ 'ದ್ವೀಪ' ಅಂತ ಹೆಸರು ಸಿಕ್ಕಿಬಿಟ್ಟರೆ ವೃತ್ತ 200 ಮೈಲಿಯದ್ದಾಗುತ್ತದೆ, ಹತ್ತಿರದಲ್ಲಿ ಬೇರೆ ಯಾರೂ ಇಲ್ಲದಿದ್ದರೆ ಸಿಗುವ ನೀರು 4.3 ಲಕ್ಷ ಚದರ ಕಿ.ಮೀ. ಜಪಾನ್ ದೇಶದ ಇಡೀ ನೆಲಕ್ಕಿಂತ ಜಾಸ್ತಿ.

ಜಪಾನಿನ ಹೆಸರು ಸುಮ್ನೆ ತೆಗೆಯಲಿಲ್ಲ. ಟೋಕಿಯೊದಿಂದ ಸುಮಾರು 1,700 ಕಿ.ಮೀ. ದಕ್ಷಿಣಕ್ಕೆ ಒಕಿನೊತೊರಿ ಎಂಬ ಹವಳದ ದಿಬ್ಬ ಇದೆ. ಉಬ್ಬರದಲ್ಲಿ ಮೇಲೆ ಕಾಣುವುದು ಎರಡು ಪುಟ್ಟ ಬಂಡೆ, ಅಷ್ಟೇ. ಅವು ಸವೆದು ಹೋಗದಿರಲಿ ಅಂತ ಜಪಾನ್ ಸುತ್ತ ಕಾಂಕ್ರೀಟ್ ಗೋಡೆ ಕಟ್ಟಿ, ಟೈಟಾನಿಯಂ ಬಲೆ ಮುಚ್ಚಿ ಕಾಪಾಡಿಕೊಂಡು ಬಂದಿದೆ. ಇದು ದ್ವೀಪ ಅಂತ ಜಪಾನ್, ಇದು ಬರೀ ಬಂಡೆ ಅಂತ ಚೀನಾ ಮತ್ತು ದಕ್ಷಿಣ ಕೊರಿಯಾ. ಮನುಷ್ಯರು ಬದುಕಲು ಆಗದ, ತನ್ನದೇ ಆರ್ಥಿಕ ಬದುಕು ಇಲ್ಲದ ಬಂಡೆಗೆ 200 ಮೈಲಿ ಇಲ್ಲ ಅಂತ ಒಪ್ಪಂದದಲ್ಲೇ ಬರೆದಿದೆ. ತಮಾಷೆ ನೋಡಿ, ಅದೇ ಚೀನಾ ದಕ್ಷಿಣ ಚೀನಾ ಸಮುದ್ರದಲ್ಲಿ ದಿಬ್ಬಗಳ ಮೇಲೆ ಮರಳು ಸುರಿದು ರನ್‌ವೇ ಕಟ್ಟಿತು. 2016ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಅಲ್ಲಿನ ಸ್ಪ್ರಾಟ್ಲಿ ಗುಂಪಿನಲ್ಲಿ ಯಾವುದಕ್ಕೂ 200 ಮೈಲಿ ಹಕ್ಕಿಲ್ಲ ಅಂದಿತು. ಚೀನಾ ಆ ತೀರ್ಪನ್ನು ಒಪ್ಪಲೇ ಇಲ್ಲ. ಪಕ್ಕದವನ ಬಂಡೆ ಬಂಡೆ, ನನ್ನದು ದ್ವೀಪ!

ಇನ್ನು ದಡದಿಂದ ಅಳೆಯುವುದು ಅಂದೆವಲ್ಲ, ದಡ ಅಂದರೆ ಯಾವುದು? ದಿನಕ್ಕೆ ಎರಡು ಸಲ ನೀರು ಏರುತ್ತದೆ, ಇಳಿಯುತ್ತದೆ. ನೀರು ಇಳಿದಾಗಿನ ಗೆರೆಯಿಂದ ಅಳೆಯಿರಿ ಅನ್ನುತ್ತದೆ ಕಾನೂನು. ಸರಿ, ಯಾವ ಇಳಿತ? ಅಮಾವಾಸ್ಯೆ, ಹುಣ್ಣಿಮೆಗೆ ಜಾಸ್ತಿ ಇಳಿಯುತ್ತದೆ, ಅಷ್ಟಮಿಯ ಆಸುಪಾಸು ಕಡಿಮೆ. ಚಂದ್ರನ ದಾರಿಯ ಓಲಾಟವೇ ಒಂದು ಸುತ್ತು ಮುಗಿಯಲು 18.6 ವರ್ಷ ಬೇಕು, ಆ ಸುತ್ತಿನಲ್ಲಿ ಇಳಿತದ ಮಟ್ಟವೂ ಬದಲಾಗುತ್ತದೆ. ಕೆಲವು ದೇಶ ಸರಾಸರಿ ಇಳಿತ ಹಿಡಿಯುತ್ತವೆ, ಕೆಲವು ಅತಿ ಕೆಳಗಿನ ಇಳಿತ ಹಿಡಿಯುತ್ತವೆ. ಕಡಿದಾದ ಬಂಡೆಯ ದಡವಾದರೆ ಇದರಿಂದ ಏನೂ ವ್ಯತ್ಯಾಸ ಇಲ್ಲ. ಆದರೆ ಸಾವಿರ ಮೀಟರ್ ನಡೆದರೆ ಒಂದೇ ಮೀಟರ್ ಆಳವಾಗುವ ಕೆಸರು ದಡ ಇದೆ ಅಂದುಕೊಳ್ಳಿ. ಅಲ್ಲಿ ನೀರಿನ ಮಟ್ಟ ಅರ್ಧ ಮೀಟರ್ ಆಚೀಚೆ ಆದರೆ ಗೆರೆ ಅರ್ಧ ಕಿಲೋಮೀಟರ್ ಸರಿಯುತ್ತದೆ. ಅದರ ಜೊತೆಗೆ 200 ಮೈಲಿ ಆಚೆಯ ಗಡಿಯೂ ಸರಿಯಬೇಕು.

ಕೆಲವೊಮ್ಮೆ ನೆಲವೇ ಕೈಕೊಡುತ್ತದೆ. 1831ರ ಜುಲೈನಲ್ಲಿ ಸಿಸಿಲಿಯ ದಕ್ಷಿಣಕ್ಕೆ ಕಡಲಿನೊಳಗಿನ ಜ್ವಾಲಾಮುಖಿ ಸಿಡಿದು ಹೊಸ ದ್ವೀಪ ಹುಟ್ಟಿತು. ಬ್ರಿಟಿಷರು ಹೋಗಿ ಬಾವುಟ ನೆಟ್ಟು ಗ್ರಹಾಂ ಅಂದರು, ಸಿಸಿಲಿಯ ರಾಜನ ಕಡೆಯವರು ಫರ್ಡಿನಾಂಡಿಯಾ ಅಂದರು, ಫ್ರೆಂಚರು ಜೂಲಿಯಾ ಅಂದರು. ಪತ್ರ, ಪ್ರತಿಪತ್ರ ಓಡಾಡುತ್ತಿರುವಾಗಲೇ ಅಲೆಗಳು ಆ ಬೂದಿ ಗುಡ್ಡೆಯನ್ನು ಕೊರೆದು ಹಾಕಿದವು. ಆರು ತಿಂಗಳು ತುಂಬುವಷ್ಟರಲ್ಲಿ ದ್ವೀಪ ಮಾಯ.

ಬಂಗಾಳ ಕೊಲ್ಲಿಯಲ್ಲೂ ಹೀಗೇ ಆಯಿತು. 1970ರ ಭೋಲಾ ಚಂಡಮಾರುತದ ನಂತರ ಹರಿಯಾಭಂಗ ನದಿಯ ಅಳಿವೆಯ ಹತ್ತಿರ ಒಂದು ಮರಳು ದಿಬ್ಬ ಕಾಣಿಸಿಕೊಂಡಿತು. ಭಾರತಕ್ಕೆ ಅದು ನ್ಯೂ ಮೂರ್, ಬಾಂಗ್ಲಾದೇಶಕ್ಕೆ ದಕ್ಷಿಣ ತಾಲ್‌ಪಟ್ಟಿ. ಎತ್ತರ ಸುಮಾರು 2 ಮೀಟರ್. 1981ರಲ್ಲಿ ಅಲ್ಲಿಗೂ ನೌಕೆಗಳು ಹೋಗಿದ್ದವು. 2010ರಲ್ಲಿ ಜಾದವ್‌ಪುರ ವಿಶ್ವವಿದ್ಯಾಲಯದ ವಿಜ್ಞಾನಿಗಳು ಉಪಗ್ರಹ ಚಿತ್ರ ನೋಡಿ, ದಿಬ್ಬ ಪೂರ್ತಿ ಮುಳುಗಿದೆ ಅಂದರು. ಆದರೂ ಕಡಲ ಗಡಿಯ ತಕರಾರು ಮುಳುಗಲಿಲ್ಲ. ಅದು ಮುಗಿದದ್ದು 2014ರಲ್ಲಿ ನ್ಯಾಯಮಂಡಳಿಯ ತೀರ್ಪಿನಿಂದ. ತಗಾದೆಯಲ್ಲಿದ್ದ ಸುಮಾರು 25,600 ಚದರ ಕಿ.ಮೀ. ನೀರಿನಲ್ಲಿ 19,467 ಬಾಂಗ್ಲಾದೇಶಕ್ಕೆ ಹೋಯಿತು. ಎರಡೂ ದೇಶ ಒಪ್ಪಿಕೊಂಡವು. ಇಂಥದ್ದು ನಡೆಯುವುದು ಅಪರೂಪ, ಅದಕ್ಕೇ ಹೇಳಿದೆ.

ಭಾರತದ ಪಶ್ಚಿಮದ ತುದಿಯಲ್ಲಿ ಆ ಭಾಗ್ಯ ಇಲ್ಲ. ಕಚ್ಛ್ ಮತ್ತು ಸಿಂಧ್ ನಡುವೆ ಸರ್ ಕ್ರೀಕ್ ಎಂಬ ಸುಮಾರು 96 ಕಿ.ಮೀ. ಉದ್ದದ ಕೆಸರು ಕಾಲುವೆ ಇದೆ. ಬ್ರಿಟಿಷರ ಕಾಲದ 1914ರ ನಿರ್ಣಯದ ನಕ್ಷೆಯಲ್ಲಿ ಗೆರೆ ಪೂರ್ವದ ದಂಡೆಯ ಮೇಲಿದೆ, ಕಾಲುವೆ ಪೂರ್ತಿ ನಮ್ಮದು ಅನ್ನುತ್ತದೆ ಪಾಕಿಸ್ತಾನ. 1925ರ ನಕ್ಷೆ ನೋಡಿ, ಗೆರೆ ನೀರಿನ ನಡುವೆ ಇದೆ ಅನ್ನುತ್ತದೆ ಭಾರತ. ಹಡಗು ಓಡಾಡುವ ನೀರಿನಲ್ಲಿ ಆಳವಾದ ಹರಿವಿನ ನಡುಗೆರೆಯೇ ಗಡಿ ಎಂಬ ಹಳೆಯ ನಿಯಮ ಇದೆ, ಅದಕ್ಕೆ ಥಾಲ್ವೆಗ್ ಅಂತ ಹೆಸರು. ಇದು ಹಡಗು ಹೋಗುವ ಕಾಲುವೆಯೇ ಅಲ್ಲ ಅನ್ನುತ್ತದೆ ಪಾಕಿಸ್ತಾನ, ಉಬ್ಬರ ಬಂದಾಗ ಹೋಗುತ್ತದಲ್ಲ ಅನ್ನುತ್ತದೆ ಭಾರತ. ಇಬ್ಬರೂ ವಾದ ಮಾಡುತ್ತಿರುವಾಗ ಕಾಲುವೆ ಸುಮ್ಮನೆ ಕೂತಿಲ್ಲ, ಹೂಳು ತುಂಬಿಕೊಂಡು, ದಂಡೆ ಕೊರೆದುಕೊಂಡು ಅತ್ತಿತ್ತ ಸರಿಯುತ್ತಲೇ ಇದೆ. ಕಾಲುವೆಯ ಬಾಯಲ್ಲಿ ಗೆರೆ ಎಲ್ಲಿ ನಿಲ್ಲುತ್ತದೋ ಅಲ್ಲಿಂದಲೇ ಕಡಲಿನ ಗಡಿ ಹೊರಡಬೇಕು. ಹಾಗಾಗಿ ಅರಬ್ಬಿ ಸಮುದ್ರದಲ್ಲಿ ಎರಡೂ ದೇಶಕ್ಕೆ ಒಪ್ಪಿತವಾದ ಗಡಿಯೇ ಇಲ್ಲ.

ಇದರ ಬಿಸಿ ತಟ್ಟುವುದು ಮೀನುಗಾರರಿಗೆ. ನದಿಯ ಹೂಳು ಬಂದು ಸೇರುವ ಕಡೆ ಸಸ್ಯಪ್ಲವಕ, ಅಂದರೆ ನೀರಿನಲ್ಲಿ ತೇಲುವ ಅತಿ ಸಣ್ಣ ಸಸ್ಯಗಳು, ಚೆನ್ನಾಗಿ ಬೆಳೆಯುತ್ತದೆ, ಅದನ್ನು ನಂಬಿ ಮೀನು ಇರುತ್ತದೆ, ಮೀನಿನ ಹಿಂದೆ ಬೋಟು ಹೋಗುತ್ತದೆ. ಸಂಜೆ ಬಲೆ ಬಿಟ್ಟು ಎಂಜಿನ್ ನಿಲ್ಲಿಸಿ ಮಲಗಿದ ಬೋಟನ್ನು ಗಂಟೆಗೆ 2 ನಾಟಿಕಲ್ ಮೈಲಿ ವೇಗದ ಸೆಳೆತ ಐದು ಗಂಟೆ ಹೊತ್ತು ಒಂದೇ ಕಡೆ ಎಳೆದರೆ ಅದು ಸುಮಾರು 18.5 ಕಿ.ಮೀ. ಆಚೆ ಇರುತ್ತದೆ. ಯಾರೂ ಒಂದು ಹುಟ್ಟೂ ಹಾಕಿಲ್ಲ! ಜಿಪಿಎಸ್ ಇದ್ದರೂ ಅದು ಬೋಟು ಎಲ್ಲಿದೆ ಅಂತ ಹೇಳುತ್ತದೆ, ಇಬ್ಬರೂ ಒಪ್ಪದ ಗಡಿ ಎಲ್ಲಿದೆ ಅಂತ ಅದು ತಾನೆ ಹೇಗೆ ಹೇಳೀತು? 2008ರ ಒಪ್ಪಂದದಂತೆ ಭಾರತ, ಪಾಕಿಸ್ತಾನ ಪ್ರತಿ ಜನವರಿ 1 ಮತ್ತು ಜುಲೈ 1ರಂದು ತಮ್ಮ ಜೈಲಿನಲ್ಲಿರುವ ಇನ್ನೊಂದು ದೇಶದವರ ಪಟ್ಟಿ ಕೊಟ್ಟು ತೆಗೆದುಕೊಳ್ಳುತ್ತವೆ. ಅದರಲ್ಲಿ ಮೀನುಗಾರರ ಲೆಕ್ಕವೇ ಬೇರೆ ಇರುತ್ತದೆ.

ಕೊರಿಯಾದಲ್ಲಿ ಮೀನಿನ ಬದಲು ಏಡಿ. 1953ರಲ್ಲಿ ವಿಶ್ವಸಂಸ್ಥೆಯ ಸೇನಾ ಕಮಾಂಡ್ ಹಳದಿ ಸಮುದ್ರದಲ್ಲಿ ಎಳೆದ ಗೆರೆಯನ್ನು ಉತ್ತರ ಕೊರಿಯಾ ಒಪ್ಪುವುದಿಲ್ಲ. ಯೊನ್‌ಪ್ಯೊಂಗ್ ದ್ವೀಪದ ಹತ್ತಿರ ಎರಡೂ ಕೊರಿಯಾಗಳ ನೌಕೆಗಳು ಗುಂಡು ಹಾರಿಸಿಕೊಂಡ ಎರಡು ದಿನಾಂಕ ನೋಡಿ: 1999ರ ಜೂನ್ 15, 2002ರ ಜೂನ್ 29. ಎರಡೂ ಏಡಿ ಹಿಡಿಯುವ ಸುಗ್ಗಿಯ ಹೊತ್ತು.

ಇಷ್ಟೆಲ್ಲ ನೀರಿನ ಮೇಲಿನ ಕಥೆ. ಕೆಳಗಿನಿಂದ ಬಂದವನನ್ನು ಹಿಡಿಯುವುದು ಹೇಗೆ? ಬೇರೆ ದೇಶದ 12 ಮೈಲಿಯೊಳಗೆ ಹಾಯುವ ಜಲಾಂತರ್ಗಾಮಿ ಮೇಲೆ ಬಂದು ಬಾವುಟ ತೋರಿಸಿಕೊಂಡು ಹೋಗಬೇಕು ಎಂಬ ನಿಯಮ ಇದೆ. ಕದ್ದು ಬರುವವನು ತೋರಿಸುತ್ತಾನಾ? ರೇಡಿಯೊ ತರಂಗ ಉಪ್ಪುನೀರಿನಲ್ಲಿ ಬೇಗ ಸತ್ತುಹೋಗುತ್ತದೆ, ಹಾಗಾಗಿ ರೇಡಾರ್ ಕೆಲಸಕ್ಕೆ ಬರುವುದಿಲ್ಲ. ಉಳಿಯುವುದು ಸದ್ದು ಒಂದೇ, ಕಿವಿಗೊಟ್ಟು ಕೇಳಬೇಕು.

ಸ್ವೀಡನ್ ಹಾಗೇ ಕೇಳುತ್ತ ಕೂತಿತ್ತು. 1981ರ ಅಕ್ಟೋಬರಿನಲ್ಲಿ ಸೋವಿಯತ್ ಜಲಾಂತರ್ಗಾಮಿಯೊಂದು ಅವರ ಕಾರ್ಲ್ಸ್‌ಕ್ರೂನಾ ನೌಕಾನೆಲೆಯ ಹತ್ತಿರವೇ ಬಂಡೆಗೆ ಸಿಕ್ಕಿಕೊಂಡಿತ್ತು, ಆದ್ದರಿಂದ ಅವರ ಅನುಮಾನಕ್ಕೆ ಕಾರಣ ಇತ್ತು. ಆಮೇಲೆ ವರ್ಷಗಟ್ಟಲೆ ನೀರಿನೊಳಗೆ ಒಂದು ವಿಚಿತ್ರ ಸದ್ದು ಕೇಳಿಸುತ್ತಲೇ ಇತ್ತು, ಎಣ್ಣೆಯಲ್ಲಿ ಏನೋ ಕರಿಯುವ ಹಾಗೆ ಚರ್ ಅಂತ. ನೌಕೆಗಳು, ಹೆಲಿಕಾಪ್ಟರುಗಳು ಅಟ್ಟಿಸಿಕೊಂಡು ಹೋಗುತ್ತಿದ್ದವು. ಹೋಗಿ ನೋಡಿದರೆ ಏನೂ ಇಲ್ಲ, ಒಂದಿಷ್ಟು ಗುಳ್ಳೆ. ಸೋವಿಯತ್ ಒಕ್ಕೂಟವೇ ಒಡೆದುಹೋದರೂ ಸದ್ದು ನಿಲ್ಲಲಿಲ್ಲ. 1996ರಲ್ಲಿ ಮ್ಯಾಗ್ನಸ್ ವಾಲ್‌ಬರಿ ಮತ್ತು ಹೋಕನ್ ವೆಸ್ಟರ್‌ಬರಿ ಎಂಬ ವಿಜ್ಞಾನಿಗಳನ್ನು ಕರೆಸಿ ಆ ಗುಟ್ಟಿನ ಧ್ವನಿಮುದ್ರಣ ಕೇಳಿಸಿದರು. ಅವರು ಹುಡುಕುತ್ತ ಹೋಗಿ ಹೆರಿಂಗ್ ಮೀನಿಗೆ ಬಂದು ಮುಟ್ಟಿದರು. ಬೂತಾಯಿಯ ನೆಂಟನಾದ ಈ ಮೀನಿನ ಗಾಳಿಚೀಲದಿಂದ ಹಿಂಬದಿಗೆ ಒಂದು ಸಣ್ಣ ಕೊಳವೆ ಇದೆ. ಭಾರೀ ಗುಂಪು ಒಟ್ಟಿಗೆ ಗಾಬರಿಯಾದರೆ ಒಟ್ಟಿಗೇ ಗಾಳಿ ಬಿಡುತ್ತದೆ. ನೌಕಾಪಡೆ ಬೆನ್ನಟ್ಟಿದ್ದು ಮೀನಿನ ಹೂಸನ್ನು.