ಲಿವರ್‌ಗೆ ಹಚ್ಚುವ ಅಂಟು: ರಕ್ತ ನಿಂತಿತು, ಪಿತ್ತ ನಿಲ್ಲಲಿಲ್ಲ

ನಮ್ಮ ಚಿಕ್ಕಪ್ಪನಿಗೆ ಲಿವರ್ ಆಪರೇಷನ್ ಆಗಿತ್ತು. ಗಡ್ಡೆ ಇದ್ದ ಭಾಗವನ್ನು ಕತ್ತರಿಸಿ ತೆಗೆದಿದ್ದರು. ನಾಲ್ಕನೇ ದಿನ ಡ್ರೈನ್ ಪೈಪಿನಲ್ಲಿ ತೆಳು ಕೆಂಪು ನೀರಿನ ಬದಲು ಹಸಿರು ಮಿಶ್ರಿತ ಹಳದಿ ನೀರು, ಅಂದರೆ ಪಿತ್ತ, ಬರತೊಡಗಿತು. ಬಿಲ್ಲಿನಲ್ಲಿ ‘ಫಿಬ್ರಿನ್ ಸೀಲೆಂಟ್’ ಅಂತ ಒಂದು ಸಾಲಿತ್ತು, ಅದರ ಎದುರಿಗೆ ಐದಂಕಿಯ ಮೊತ್ತ. ಚಿಕ್ಕಪ್ಪ ಕೇಳಿದ್ದು ಒಂದೇ ಮಾತು: “ಅಷ್ಟು ದುಡ್ಡು ಕೊಟ್ಟು ಗಮ್ ಹಚ್ಚಿಸಿದ್ದೀರಲ್ರೋ, ಮತ್ಯಾಕೆ ಸೋರ್ತಿದೆ?”

ಉತ್ತರ ಹುಡುಕಲು ಹೋದರೆ ನೂರು ವರ್ಷಕ್ಕೂ ಹಿಂದಕ್ಕೆ ಹೋಗಬೇಕು.

ಮಟನ್ ಅಂಗಡಿಯಿಂದ ಲಿವರ್ ತಂದವರಿಗೆ ಗೊತ್ತು, ಬೆರಳು ಸ್ವಲ್ಪ ಒತ್ತಿದರೂ ಒಳಗೆ ಹೋಗಿಬಿಡುತ್ತದೆ. ಅದಕ್ಕೆ ಹೊಲಿಗೆ ಹಾಕಿ ಬಿಗಿದರೆ ದಾರವೇ ಮಾಂಸವನ್ನು ಕೊಯ್ದುಕೊಂಡು ಆಚೆ ಬರುತ್ತದೆ. ಬದುಕಿರುವ ಮನುಷ್ಯನಲ್ಲಾದರೆ ಇದರೊಳಗೆ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಓಡಾಡುತ್ತಿರುತ್ತದೆ. ಹಾಗಾಗಿ ಲಿವರ್ ಸರ್ಜರಿಯ ಇತಿಹಾಸ ಅಂದರೆ ಬಹುಪಾಲು ರಕ್ತ ನಿಲ್ಲಿಸಿದ ಇತಿಹಾಸ. 1888ರಲ್ಲಿ ಜರ್ಮನಿಯ ಕಾರ್ಲ್ ಲಾಂಗೆನ್‌ಬುಕ್ ಒಬ್ಬ ಹೆಂಗಸಿನ ಲಿವರ್ ತುಂಡನ್ನು ತೆಗೆದು ಹೊಟ್ಟೆ ಮುಚ್ಚಿದ, ರಕ್ತ ಸೋರಿ ಮತ್ತೆ ತೆರೆಯಬೇಕಾಯಿತು. ಆಕೆ ಬದುಕಿದಳು. 1908ರಲ್ಲಿ ಗ್ಲಾಸ್ಗೋದ ಪ್ರಿಂಗಲ್, ಲಿವರ್‌ಗೆ ಬರುವ ರಕ್ತನಾಳಗಳನ್ನು ಎರಡು ಬೆರಳಲ್ಲಿ ಹಿಡಿದು ಅದುಮುವ ಉಪಾಯ ತೋರಿಸಿದ. ಅದು ಇವತ್ತಿಗೂ ಬಳಕೆಯಲ್ಲಿದೆ. 1950ರ ದಶಕದಲ್ಲಿ ಫ್ರಾನ್ಸಿನ ಕ್ವಿನೋ ಲಿವರ್ ಒಳಗಿನ ಎಂಟು ಭಾಗಗಳ ನಕ್ಷೆ ಕೊಟ್ಟ, ಆಮೇಲೆ ಯಂತ್ರಗಳು ಬಂದವು, ಅನಸ್ತೇಷಿಯಾದವರು ಹೃದಯಕ್ಕೆ ಮರಳುವ ದೊಡ್ಡ ರಕ್ತನಾಳಗಳಲ್ಲಿನ ಒತ್ತಡ ತಗ್ಗಿಸಿಡುವುದನ್ನು ಕಲಿತರು.

ಅಂಟಿನ ಕಥೆ ಇದರ ಪಕ್ಕದಲ್ಲೇ ಬೇರೆ ದಾರಿಯಲ್ಲಿ ಬೆಳೆಯಿತು. ಗಾಯವಾದಾಗ ರಕ್ತ ಹೆಪ್ಪುಗಟ್ಟುವುದು ಫಿಬ್ರಿನ್ ಎಂಬ ಬಲೆಯಿಂದ. ಅದನ್ನೇ ಹೊರಗಿನಿಂದ ಹಚ್ಚಿದರೆ ಹೇಗೆ? 1909ರಲ್ಲಿ ಬೆರ್ಗೆಲ್ ಎಂಬ ಜರ್ಮನ್ ವೈದ್ಯ ಫಿಬ್ರಿನ್ ಪುಡಿ ಉದುರಿಸಿ ನೋಡಿದ. 1940ರ ದಶಕದಲ್ಲಿ, ಯುದ್ಧ ನಡೆಯುತ್ತಿದ್ದಾಗ, ಚರ್ಮದ ಕಸಿ ಅಂಟಿಸಲು ಬಳಸಿದರು. ಅಷ್ಟೇನೂ ಗಟ್ಟಿಯಾಗಿ ಹಿಡಿಯಲಿಲ್ಲ. 1972ರಲ್ಲಿ ವಿಯೆನ್ನಾದಲ್ಲಿ ಮತ್ತೆ ಜೀವ ಬಂತು, ಯೂರೋಪಿನಲ್ಲಿ ಮಾರಾಟವೂ ಶುರುವಾಯಿತು. ಅಮೆರಿಕದಲ್ಲಿ ಮಾತ್ರ ಬಾಗಿಲು ಮುಚ್ಚಿತು. ಹಲವರ ಪ್ಲಾಸ್ಮಾ ಬೆರೆಸಿ ತೆಗೆದ ಫೈಬ್ರಿನೋಜನ್‌ನಿಂದ (ಫಿಬ್ರಿನ್‌ನ ಮೂಲವಸ್ತು) ಕಾಮಾಲೆ ಹರಡುತ್ತದೆ ಅಂತ 1970ರ ದಶಕದ ಕೊನೆಗೆ ಅಲ್ಲಿ ಅದರ ಪರವಾನಗಿ ರದ್ದಾಯಿತು. ಲಿವರ್‌ಗೆ ಹಚ್ಚುವ ವಸ್ತುವಿನಿಂದಲೇ ಲಿವರ್ ಕೆಡುವುದು, ನೋಡಿ! ವೈರಸ್ ಕೊಲ್ಲುವ ವಿಧಾನಗಳು ಬಂದ ಮೇಲೆ, 1998ರಲ್ಲಿ ಟಿಸೀಲ್ ಎಂಬ ಫಿಬ್ರಿನ್ ಅಂಟಿಗೆ ಅಲ್ಲಿ ಒಪ್ಪಿಗೆ ಸಿಕ್ಕಿತು. 2003ರಲ್ಲಿ ಕ್ರಾಸ್‌ಸೀಲ್ ಬಂತು, ಅದು ಲಿವರ್ ಸರ್ಜರಿಗೆಂದೇ ಒಪ್ಪಿಗೆ ಪಡೆದದ್ದು.

ಓಟಿಯಲ್ಲಿ ಇದು ನಿಮ್ಮ ಮನೆಯ ಎಂ-ಸೀಲ್ ಥರಾನೇ. ಜೋಡಿ ಸಿರಿಂಜ್. ಒಂದರಲ್ಲಿ ಫೈಬ್ರಿನೋಜನ್, ಇನ್ನೊಂದರಲ್ಲಿ ಅದನ್ನು ಫಿಬ್ರಿನ್ ಆಗಿಸುವ ಥ್ರಾಂಬಿನ್. ಎರಡೂ ತುದಿಯಲ್ಲಿ ಸೇರಿ ಹೊರಗೆ ಬರುವಾಗ ಕ್ಷಣದಲ್ಲಿ ಗಟ್ಟಿಯಾಗುತ್ತವೆ. ಗಾಳಿಯ ಒತ್ತಡದಲ್ಲಿ ಸ್ಪ್ರೇ ಮಾಡುವುದೂ ಉಂಟು. ತೀರಾ ಹತ್ತಿರ ಹಿಡಿದರೆ ಗಾಳಿಯೇ ರಕ್ತನಾಳಕ್ಕೆ ನುಗ್ಗಿ ಪ್ರಾಣಕ್ಕೆ ಕುತ್ತು ಬಂದ ಪ್ರಕರಣಗಳಿವೆ, ಅದಕ್ಕೆ ಎಚ್ಚರಿಕೆಗಳೂ ಹೊರಟವು. ಟ್ಯಾಕೋಸಿಲ್ ಇನ್ನೊಂದು ಬಗೆ. ಅದು ಕೊಲಾಜನ್ ಪಟ್ಟಿ, ಒಂದು ಮುಖ ಹಳದಿ, ಅಂಟು ಇರುವುದು ಅಲ್ಲೇ. ಆ ಹಳದಿ ಮುಖವನ್ನೇ ಕೊಯ್ದ ಜಾಗಕ್ಕೆ ಇಟ್ಟು ಮೂರರಿಂದ ಐದು ನಿಮಿಷ ಅದುಮಿ ಹಿಡಿಯಬೇಕು.

ಗೊಂದಲ ಶುರುವಾದದ್ದು ಇಲ್ಲಿಂದ. ಅಂಟು ಕೆಲಸ ಮಾಡುತ್ತದೋ ಇಲ್ಲವೋ ಅಂತ ನೋಡುವುದು ಹೇಗೆ? ಸುಲಭದ ದಾರಿ, ಕೈಯಲ್ಲಿ ಗಡಿಯಾರ ಹಿಡಿಯುವುದು. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 121 ರೋಗಿಗಳಿದ್ದರು. ಟ್ಯಾಕೋಸಿಲ್ ಇಟ್ಟವರಲ್ಲಿ ಸರಾಸರಿ 3.9 ನಿಮಿಷಕ್ಕೆ ರಕ್ತ ನಿಂತಿತು, ಆರ್ಗಾನ್ ಅನಿಲದ ಯಂತ್ರದಿಂದ ಕೊಯ್ದ ಜಾಗವನ್ನು ಸುಟ್ಟವರಲ್ಲಿ 6.3 ನಿಮಿಷಕ್ಕೆ. ಗೆದ್ದಿತಲ್ವಾ? ಗೆದ್ದಿತು, ಸುಳ್ಳಲ್ಲ. ಆದರೆ ಆಪರೇಷನ್ನೇ ನಾಲ್ಕೈದು ಗಂಟೆಯದು. ಎರಡೂವರೆ ನಿಮಿಷ ಉಳಿದದ್ದರಿಂದ ರೋಗಿ ಬೇಗ ಮನೆಗೆ ಹೋದನೇ ಅನ್ನುವುದು ಬೇರೆಯೇ ಪ್ರಶ್ನೆ.

ಆ ಪ್ರಶ್ನೆಯನ್ನು ನೇರವಾಗಿ ಕೇಳಿದ್ದು ಸ್ಪೇನಿನವರು. 300 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಅರ್ಧ ಜನಕ್ಕೆ ಅಂಟು ಹಚ್ಚಿದರು, ಉಳಿದರ್ಧಕ್ಕೆ ಇಲ್ಲ. 2007ರಲ್ಲಿ ಫಲಿತಾಂಶ ಬಂತು. ರಕ್ತ ಹಾಕಿದ್ದರಲ್ಲಾಗಲಿ, ಪಿತ್ತ ಸೋರಿದ್ದರಲ್ಲಾಗಲಿ, ತೊಂದರೆಗಳಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. 2012ರಲ್ಲಿ ನೆದರ್ಲೆಂಡ್ಸ್ ವೈದ್ಯರ ಮುಂದಾಳತ್ವದ ಇನ್ನೊಂದು ಅಧ್ಯಯನ, 310 ರೋಗಿಗಳು. ಅಂಟು ಹಚ್ಚಿದವರಲ್ಲಿ ಪಿತ್ತ ಸೋರಿದ್ದು ನೂರಕ್ಕೆ 14 ಮಂದಿಗೆ. ಹಚ್ಚದವರಲ್ಲೂ ನೂರಕ್ಕೆ 14.

ಯೋಚಿಸಿದರೆ ಆಶ್ಚರ್ಯ ಪಡುವಂಥದ್ದೇನಿಲ್ಲ. ರಕ್ತಕ್ಕೆ ಹೆಪ್ಪುಗಟ್ಟುವ ಗುಣ ಇದೆ, ಅಂಟು ಅದಕ್ಕೆ ಕೈ ಜೋಡಿಸುತ್ತದೆ ಅಷ್ಟೆ. ಪಿತ್ತ ಹೆಪ್ಪುಗಟ್ಟುವುದಿಲ್ಲ. ದಿನಕ್ಕೆ ಅರ್ಧ ಲೀಟರಿಗೂ ಮೇಲೆ ತಯಾರಾಗುತ್ತಲೇ ಇರುತ್ತದೆ, ತೂತಿದ್ದರೆ ಹೊರಗೆ ಬರುತ್ತಲೇ ಇರುತ್ತದೆ. ಕೋಳಿ ಕೊಯ್ಯುವಾಗ ಪಿತ್ತದ ಚೀಲ ಒಡೆದರೆ ಸಾರೆಲ್ಲ ಕಹಿಯಾಗುವುದನ್ನು ನೋಡಿದ್ದೀರಿ. ಹೊಟ್ಟೆಯೊಳಗೆ ಅದು ನಿಂತರೆ ಕೀವು, ಜ್ವರ, ವಾರಗಟ್ಟಲೆ ಡ್ರೈನ್. ಜೊತೆಗೆ ಎಷ್ಟೋ ಸೋರಿಕೆ ಓಟಿಯಲ್ಲಿ ಕಾಣುವುದೇ ಇಲ್ಲ, ಮೂರ್ನಾಲ್ಕು ದಿನ ಬಿಟ್ಟು ತಲೆ ಎತ್ತುತ್ತದೆ. ಅಷ್ಟು ಹೊತ್ತಿಗೆ ಗಡಿಯಾರ ಹಿಡಿದವರು ಲೆಕ್ಕ ಮುಗಿಸಿರುತ್ತಾರೆ.

ಸೋರಿಕೆ ಅಂದರೇನು ಅನ್ನುವುದಕ್ಕೇ 2011ರವರೆಗೆ ಎಲ್ಲರೂ ಒಪ್ಪುವ ಒಂದು ಅಳತೆ ಇರಲಿಲ್ಲ ಅನ್ನುವುದು ನನಗೆ ಇನ್ನೂ ವಿಚಿತ್ರವಾಗಿ ಕಾಣುತ್ತದೆ. ಆ ವರ್ಷ ಅಂತರರಾಷ್ಟ್ರೀಯ ಗುಂಪೊಂದು ಹೀಗೆ ಬರೆಯಿತು: ಮೂರನೇ ದಿನ ಅಥವಾ ಆಮೇಲೆ, ಡ್ರೈನ್ ನೀರಿನಲ್ಲಿರುವ ಬಿಲಿರುಬಿನ್ (ಪಿತ್ತದ ಹಳದಿ ಬಣ್ಣದ ವಸ್ತು) ರಕ್ತದಲ್ಲಿರುವುದಕ್ಕಿಂತ ಮೂರು ಪಟ್ಟು ಅಥವಾ ಜಾಸ್ತಿ ಇದ್ದರೆ ಸೋರಿಕೆ. ಅದಕ್ಕೂ ಸ್ವಲ್ಪ ಮುಂಚೆ ಜರ್ಮನಿಯ ಎಸೆನ್‌ನಲ್ಲಿ ‘ವೈಟ್ ಟೆಸ್ಟ್’ ಬಳಕೆಗೆ ಬಂದಿತ್ತು. ಹೊಟ್ಟೆ ಮುಚ್ಚುವ ಮೊದಲು ಪಿತ್ತನಾಳದೊಳಗೆ ಹಾಲಿನಂಥ ಬಿಳಿ ಕೊಬ್ಬಿನ ದ್ರವ ಬಿಡುವುದು, ಕೊಯ್ದ ಮುಖದಲ್ಲಿ ಎಲ್ಲಿ ಬಿಳಿ ಹನಿ ಕಾಣುತ್ತದೋ ಅಲ್ಲಿ ಹೊಲಿಗೆ ಹಾಕುವುದು. ಸೈಕಲ್ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಪಂಕ್ಚರ್ ಹುಡುಕಿದ ಹಾಗೆ. ತೂತು ಹುಡುಕದೆ ಮೇಲೆಲ್ಲ ಅಂಟು ಬಳಿಯುವುದಕ್ಕಿಂತ ಇದು ಲೇಸು ಅಂತ ನನಗನ್ನಿಸುತ್ತದೆ.

ಹಾಗಂತ ಅಂಟು ಸುಮ್ನೆ ಅಂತಲ್ಲ. ಹೊಲಿಗೆ ನಿಲ್ಲದ, ಸುಟ್ಟರೂ ಜಿನುಗುವ ಜಾಗಕ್ಕೆ ಅದು ಬೇಕು. ಆದರೆ ಎಲ್ಲರಿಗೂ, ಪ್ರತಿ ಸಲ, ‘ಸೇಫ್ಟಿಗೆ ಇರಲಿ’ ಅಂತ ಹಚ್ಚುವ ರೂಢಿ ಎಷ್ಟೋ ಕಡೆ ಹಾಗೇ ಉಳಿದುಬಿಟ್ಟಿದೆ.

ಚಿಕ್ಕಪ್ಪನಿಗೆ ಇಆರ್‌ಸಿಪಿ ಮಾಡಿ, ಬಾಯಿಂದ ಟ್ಯೂಬ್ ಇಳಿಸಿ ಪಿತ್ತನಾಳದಲ್ಲಿ ಸ್ಟೆಂಟ್ ಎಂಬ ಸಣ್ಣ ಕೊಳವೆ ಇಟ್ಟರು. ಕರುಳಿನ ಕಡೆ ದಾರಿ ಸಲೀಸಾದ ಮೇಲೆ ಪಿತ್ತ ತೂತಿನ ಕಡೆ ಹೋಗುವುದನ್ನು ಕಡಿಮೆ ಮಾಡಿತು. ಸಿಸ್ಟರ್ ದಿನಾ ಬೆಳಿಗ್ಗೆ ಬ್ಯಾಗ್ ಎತ್ತಿ ನೋಡಿ ಬರೆಯುತ್ತಿದ್ದರು: 180 ಎಂಎಲ್, 110, 60, 25. ಹದಿನೆಂಟನೇ ದಿನ ಡ್ರೈನ್ ತೆಗೆದರು.